ಅಪ್ಪನ ಪ್ರಮೋಷನ್ ತಪ್ಪು, ರಿಕವರಿ ನೋಟಿಸ್

ಅಪ್ಪ ಆರ್ಮಿಯಿಂದ ಹವಾಲ್ದಾರ್ ಆಗಿ ರಿಟೈರ್ ಆಗಿ ಮೂರು ವರ್ಷ ಆಯ್ತು. ಹೋದ ತಿಂಗಳು ಒಂದು ಲೆಟರ್ ಬಂತು, ನಿಮ್ಮ ಪ್ರಮೋಷನ್ ಡೇಟ್ ಪಾರ್ಟ್ ಟೂ ಆರ್ಡರ್‌ನಲ್ಲಿ (ಸೈನಿಕರ ಸರ್ವಿಸ್ ವಿವರ ದಾಖಲಿಸೋ ಆದೇಶ) ತಪ್ಪಾಗಿ ಹಾಕಿದಾರೆ, ಜಾಸ್ತಿ ಕೊಟ್ಟಿರೋ ಸಂಬಳ ವಾಪಸ್ ಕಟ್ಟಿ ಅಂತ. ಅಪ್ಪ ಎರಡು ದಿನ ಸರಿಯಾಗಿ ಊಟ ಮಾಡ್ಲಿಲ್ಲ. ಆ ದುಡ್ಡೆಲ್ಲ ತಂಗಿ ಓದಿಗೆ, ಮನೆಗೆ ಯಾವತ್ತೋ ಖರ್ಚಾಗಿದೆ, ಆರ್ಡರ್ ಟೈಪ್ ಮಾಡಿದ್ದು ಇವರಲ್ಲ, ಸುಳ್ಳು ಹೇಳಿ ತಗೊಂಡಿದ್ದೂ ಅಲ್ಲ.

ಹುಡುಕಿದಾಗ ಸಿಕ್ಕಿದ್ದು ಸುಪ್ರೀಂ ಕೋರ್ಟಿನ 2014ರ ರಫೀಕ್ ಮಸೀಹ್ ತೀರ್ಪು. ಕ್ಲಾಸ್ 3, ಕ್ಲಾಸ್ 4 ಅಂದ್ರೆ ಕೆಳ ಹಂತದ ಸರ್ಕಾರಿ ನೌಕರರಿಂದ, ರಿಟೈರ್ ಆದವರಿಂದ ಅಥವಾ ಒಂದು ವರ್ಷದೊಳಗೆ ಆಗೋರಿಂದ ಹೀಗೆ ರಿಕವರಿ ಮಾಡೋ ಹಾಗಿಲ್ಲ, ಐದು ವರ್ಷಕ್ಕಿಂತ ಜಾಸ್ತಿ ಕಾಲ ಹೆಚ್ಚಿಗೆ ಕೊಟ್ಟಿದ್ರೂ ಅಷ್ಟೆ. ಕೇಂದ್ರದ ಸಿಬ್ಬಂದಿ ಇಲಾಖೆ ಇದನ್ನೇ 2016ರ ಮಾರ್ಚ್ 2ರ ಮೆಮೋದಲ್ಲಿ ಎಲ್ಲಾ ಇಲಾಖೆಗೂ ಹೇಳಿದೆ. ಆದ್ರೆ ಒಂದು ಮಾತು ಗಮನಿಸಿ, ಜಾಸ್ತಿ ಬಂದ್ರೆ ವಾಪಸ್ ಕೊಡ್ತೀನಿ ಅಂತ ಮೊದಲೇ ಅಂಡರ್‌ಟೇಕಿಂಗ್‌ಗೆ ಸೈನ್ ಹಾಕಿದ್ರೆ ಕಥೆ ಬೇರೆ, ಅದೇ 2016ರಲ್ಲಿ ಜಗದೇವ್ ಸಿಂಗ್ ಕೇಸಲ್ಲಿ ಕೋರ್ಟು ರಿಕವರಿಗೆ ಒಪ್ಪಿತು (ಅವರು ಜಡ್ಜ್, ನಮ್ಮಪ್ಪನ ಥರ ಸಿಪಾಯಿಯಿಂದ ಮೇಲೆ ಬಂದವರಲ್ಲ). ಇನ್ಮುಂದೆ ಪೆನ್ಷನ್ ಸರಿ ಮಾಡ್ಕೊಳ್ಳೋದು ಬೇರೆ ವಿಷಯ, ಹಳೇ ದುಡ್ಡು ಕಿತ್ಕೊಳ್ಳೋದು ಬೇರೆ, ಎರಡನ್ನೂ ಒಂದೇ ಲೆಟರಲ್ಲಿ ಬೆರೆಸಿ ಹೆದರಿಸೋದು ನ್ಯಾಯ ಅಲ್ಲ.

ಅಪ್ಪನ ಹಳೇ ಟ್ರಂಕ್‌ನಿಂದ ಪೇ ಸ್ಲಿಪ್ಪು, ಡಿಸ್ಚಾರ್ಜ್ ಬುಕ್ ಎಲ್ಲ ತೆಗೆದು ರಿಜಿಸ್ಟರ್ಡ್ ಪೋಸ್ಟಲ್ಲಿ ಉತ್ತರ ಕಳಿಸಿದೀವಿ. ಒಪ್ಪಲಿಲ್ಲ ಅಂದ್ರೆ ಸೇನೆಯವರ ಸರ್ವಿಸ್ ಕೇಸ್ ಕೇಳೋ ಆರ್ಮ್ಡ್ ಫೋರ್ಸಸ್ ಟ್ರಿಬ್ಯುನಲ್‌ಗೆ ಹೋಗ್ತೀವಿ, ವಕೀಲರ ಹತ್ರ ಮಾತಾಡಿ ಆಗಿದೆ.