ಎಕ್ಕ ಕೈಲಿದ್ದೂ ಎರಡು ಸಲ ಸೋಲುವುದು

ಇಂಗ್ಲೆಂಡಿನ ರೀಡಿಂಗ್‌ನಲ್ಲಿ ಡಿಸೆಂಬರ್ ಬಂತೆಂದರೆ ನಾಲ್ಕೂವರೆಗೆಲ್ಲ ಕತ್ತಲು. ಮನೆಯಲ್ಲಿ ಸುಮ್ನೆ ಕೂರುವ ಬದಲು ಬ್ರಿಡ್ಜ್ ಕ್ಲಬ್ ಸೇರಿದೆ. ಬ್ರಿಡ್ಜ್ ಅಂದರೆ ನಾಲ್ವರು ಇಬ್ಬಿಬ್ಬರ ಜೋಡಿಯಾಗಿ ಆಡುವ ಇಸ್ಪೀಟಾಟ. ಚರ್ಚ್ ಪಕ್ಕದ ಹಾಲ್, ಮಧ್ಯೆ ಟೀ ಬಿಸ್ಕತ್ತು, ಸುತ್ತ ಹೆಚ್ಚಾಗಿ ನಿವೃತ್ತರು. ಎಷ್ಟು ಸುತ್ತು ಗೆಲ್ಲುತ್ತೇವೆ ಅನ್ನುವ ಹರಾಜನ್ನೂ ಬಾಯಲ್ಲಿ ಕೂಗುವಂತಿಲ್ಲ, ಪೆಟ್ಟಿಗೆಯಿಂದ ಚೀಟಿ ತೆಗೆದಿಡಬೇಕು. ಮದುವೆಮನೆಯ ಇಸ್ಪೀಟಿನ ಗಲಾಟೆ ಕಂಡವರಿಗೆ ಈ ಮೌನ ಸ್ವಲ್ಪ ಜಾಸ್ತಿಯೇ.

ಆದರೆ ನನ್ನನ್ನು ಹಿಡಿದಿಟ್ಟಿದ್ದು ಮೂರು ನೋ ಟ್ರಂಪ್ ಎಂಬ ಹರಾಜು. ತುರುಫೇ ಇಲ್ಲ, 13ರಲ್ಲಿ 9 ಟ್ರಿಕ್, ಅಂದರೆ 9 ಸುತ್ತು, ಗೆಲ್ಲಬೇಕು. ನಮ್ಮೂರಿನ ಆಟಗಳಲ್ಲಿ ಎದುರಾಳಿಯ ಉದ್ದ ಸಾಲನ್ನು ತುರುಫಿನಿಂದ ಕಡಿದು ಹಾಕುತ್ತೇವೆ. ಇಲ್ಲಿ ಆ ಕತ್ತಿಯೇ ಇಲ್ಲ. ಅವರ ಸಾಲು ಒಮ್ಮೆ ಬಿಚ್ಚಿಕೊಂಡರೆ ನೋಡುತ್ತಾ ಕೂರುವುದಷ್ಟೇ.

ಒಂದು ಕೈ ಹೇಳುತ್ತೇನೆ, ಪೇಪರ್ ಮೇಲೆ ಬರೆದುಕೊಳ್ಳಿ. ನಮ್ಮ ಕೈಯಲ್ಲಿ ಆಟೀನಿನ ಎಕ್ಕ, 8, 3. ಇಸ್ಪೇಟಿನ ರಾಜ, ರಾಣಿ, 6. ಡೈಮಂಡಿನ ಎಕ್ಕ, 7, 5, 4. ಕಳಾವರ್ ರಾಣಿ, 7, 3. ಎದುರಿಗೆ ಮೇಜಿನ ಮೇಲೆ ಬಿಚ್ಚಿಟ್ಟ ಡಮ್ಮಿಯಲ್ಲಿ (ನಮ್ಮ ಜೊತೆಗಾರರ ಕೈ, ಅದನ್ನೂ ನಾವೇ ಆಡುತ್ತೇವೆ) ಆಟೀನು 6, 4. ಇಸ್ಪೇಟಿನ ಎಕ್ಕ, 5, 2. ಡೈಮಂಡಿನ ರಾಜ, 6, 3. ಕಳಾವರ್ ಎಕ್ಕ, ಗುಲಾಮ, 10, 9, 2.

ಎಡಗಡೆಯವರು ಆಟೀನು 5 ಇಳಿಸಿದರು. ಬಲಗಡೆಯವರು ರಾಣಿ ಹಾಕಿದರು. ಎಕ್ಕ ಹಾಕಲು ಕೈ ತುರಿಸುತ್ತೆ, ಅಲ್ವಾ? ತಡೆಯಿರಿ. ಮೊದಲು ಎಣಿಸಿ. ಇಸ್ಪೇಟು 3, ಡೈಮಂಡ್ 2, ಆಟೀನು 1, ಕಳಾವರ್ 1. ಗಟ್ಟಿಯಾದವು 7. ಉಳಿದದ್ದು ಕಳಾವರ್‌ನಿಂದಲೇ ಬರಬೇಕು. ರಾಣಿ ಆಡಿ, ಡಮ್ಮಿಯಲ್ಲಿ ಚಿಕ್ಕದು ಹಾಕುತ್ತೇವೆ. ಕಳಾವರ್ ರಾಜ ಎಡಗಡೆ ಇದ್ದರೆ ಸಿಕ್ಕಿಬೀಳುತ್ತಾನೆ. ಬಲಗಡೆ ಇದ್ದರೆ ಆ ಟ್ರಿಕ್ ಅವರದ್ದು, ಮತ್ತೆ ಆಡುವ ಸರದಿಯೂ ಅವರದ್ದು.

ಆಗ ಅವರ ಕೈಯಲ್ಲಿ ಆಟೀನು ಇರಬಾರದು. ಇಡೀ ಪ್ಲಾನ್ ಇಷ್ಟೇ.

ಅದಕ್ಕೆ ಎಕ್ಕವನ್ನು ಎಷ್ಟು ಸಲ ತಡೆಯಬೇಕು ಅನ್ನಲು ಒಂದು ಸುಲಭ ಲೆಕ್ಕ ಇದೆ. ಅವರು ಇಳಿಸಿದ ಬಣ್ಣದಲ್ಲಿ, ಇಲ್ಲಿ ಆಟೀನಿನಲ್ಲಿ, ನಮ್ಮ ಎರಡೂ ಕೈ ಸೇರಿ ಎಷ್ಟು ಎಲೆ ಇವೆಯೋ ಅದನ್ನು 7ರಿಂದ ಕಳೆಯಿರಿ. ಇಲ್ಲಿ 5 ಎಲೆ. ಅಂದರೆ 2 ಸಲ ಬಿಟ್ಟುಕೊಟ್ಟು ಮೂರನೆಯದಕ್ಕೆ ಎಕ್ಕ. ಎಡಗಡೆ 5, ಬಲಗಡೆ 3 ಆಟೀನು ಇದ್ದರೆ ಅಷ್ಟರಲ್ಲಿ ಬಲಗಡೆ ಖಾಲಿ. ಅವರು ಕಳಾವರ್ ರಾಜ ಗೆದ್ದರೂ ಜೊತೆಗಾರರಿಗೆ ದಾರಿ ಮಾಡಿಕೊಡಲು ಎಲೆ ಇಲ್ಲ. ಆಟೀನು 4, 4 ಹಂಚಿಕೊಂಡಿದ್ದರೆ? ಆಗಲೂ ಒಟ್ಟು 4 ಟ್ರಿಕ್ ಮಾತ್ರ ಹೋಗುತ್ತೆ, ನಮ್ಮ 9 ಉಳಿಯುತ್ತೆ. ಈ ಭಾಗ ನನಗೆ ಬಹಳ ಇಷ್ಟ. ಕಳಾವರ್ ರಾಜ ಎಲ್ಲಿದ್ದಾನೆ ಎಂದು ಊಹಿಸುವ ಗೋಜೇ ಇಲ್ಲ.

ಹಾಗೆಂದು ಲೆಕ್ಕವನ್ನು ಕಣ್ಣುಮುಚ್ಚಿ ನಂಬಬೇಡಿ. ಬೇರೆ ಬಣ್ಣದಲ್ಲಿ ಇದಕ್ಕಿಂತ ದೊಡ್ಡ ತೂತಿದ್ದರೆ, ನಾವು ಬಿಟ್ಟುಕೊಡುತ್ತಾ ಕೂತಾಗ ಅವರು ಅಲ್ಲಿಗೆ ನುಗ್ಗುತ್ತಾರೆ.

ಕ್ಲಬ್‌ನಲ್ಲಿ ಇದೇ ಎಲೆಗಳು ಪ್ರತಿ ಮೇಜಿಗೂ ಹೋಗುತ್ತವೆ. ಹಾಗಾಗಿ ಎಲೆ ಸರಿಯಿರಲಿಲ್ಲ ಅನ್ನುವ ನೆಪ ನಡೆಯುವುದಿಲ್ಲ. ಆಟೀನು 5, 3 ಆಗಿ ಕಳಾವರ್ ರಾಜ ಬಲಗಡೆ ಇದ್ದರೆ, ಎಕ್ಕ ತಡೆದವರಿಗೆ 10 ಟ್ರಿಕ್, 430 ಅಂಕ. ಮೊದಲಿಗೇ ಎಕ್ಕ ಹಾಕಿದವರಿಗೆ 8 ಟ್ರಿಕ್, ಮೈನಸ್ 50.