ಭಾರದ ಮೀನೇ ಇಲ್ಲಿ ಸಣ್ಣ ಮೀನು

"ಕ್ವಾರ್ಕ್ ಭಾರ ಇದ್ದಷ್ಟೂ ಲೆಕ್ಕ ಹಾಕೋದು ಸುಲಭ ಅಲ್ವಾ ಸರ್? ಅದೇ ಕಷ್ಟ ಅಂತೀರಲ್ಲ?" ಉಡುಪಿಯಲ್ಲಿ ನನ್ನ ಹತ್ತಿರ ಓದುವ ಮಕ್ಕಳು ಪ್ರತಿ ವರ್ಷ ತಪ್ಪದೆ ಕೇಳುವ ಪ್ರಶ್ನೆ ಇದು. ಪ್ರೋಟಾನಿನಂಥ ಕಣಗಳ ಒಳಗಿರುವ ಇನ್ನೂ ಸಣ್ಣ ಕಣವೇ ಕ್ವಾರ್ಕ್.

ಮಲ್ಪೆ ಬಂದರಿನಲ್ಲಿ ಬಲೆ ಸರಿ ಮಾಡುವವರನ್ನು ನೋಡಿ. ಹರಿದ ಕಡೆ ಗಂಟು ಹಾಕಿ, ಬೆರಳು ತೂರಿಸಿ ಕಣ್ಣಿನ ಅಳತೆ ನೋಡುತ್ತಾರೆ. ಅಂಜಲ್‌ಗೆ ದೊಡ್ಡ ಕಣ್ಣು, ಬೂತಾಯಿಗೆ ಸಣ್ಣದು.

ನಮ್ಮದೂ ಬಲೆಯೇ. 1974ರಲ್ಲಿ ಅಮೆರಿಕದ ಭೌತವಿಜ್ಞಾನಿ ಕೆನೆತ್ ವಿಲ್ಸನ್ ತೋರಿಸಿದ ದಾರಿ ಅದು. ಜಾಗ, ಕಾಲ ಎರಡನ್ನೂ ಚುಕ್ಕಿಗಳ ಜಾಲ ಮಾಡಿ, ಕ್ವಾರ್ಕ್‌ಗಳ ಲೆಕ್ಕವನ್ನು ಕಂಪ್ಯೂಟರಿಗೆ ಕೊಡುತ್ತೇವೆ. ಚುಕ್ಕಿಯಿಂದ ಚುಕ್ಕಿಗೆ ಸಾಮಾನ್ಯವಾಗಿ 0.1 ಫೆಮ್ಟೊಮೀಟರ್ ಆಸುಪಾಸು (ಒಂದು ಫೆಮ್ಟೊಮೀಟರ್ ಅಂದರೆ ಮಿಲಿಮೀಟರಿನ ಲಕ್ಷ ಕೋಟಿಯಲ್ಲಿ ಒಂದು ಪಾಲು). ಪ್ರೋಟಾನಿನ ಅಗಲವೇ ಸುಮಾರು 1.7, ಹಾಗಾಗಿ ಇಷ್ಟು ಸಾಕು ಅನ್ನಿಸುತ್ತದೆ. ಆದರೆ ಕ್ವಾಂಟಮ್ ಲೋಕದಲ್ಲಿ ಭಾರ ಹೆಚ್ಚಿದಷ್ಟೂ ಅಲೆ ಗಿಡ್ಡ. ಬಾಟಮ್ ಅನ್ನುವ ಬಗೆಯ ಕ್ವಾರ್ಕ್ ಪ್ರೋಟಾನಿನ ನಾಲ್ಕು ಪಟ್ಟಿಗಿಂತಲೂ ಭಾರ. ಅದರ ಅಲೆಯ ಅಳತೆ ಸುಮಾರು 0.05 ಫೆಮ್ಟೊಮೀಟರ್, ನಮ್ಮ ಬಲೆಯ ಕಣ್ಣಿನ ಅರ್ಧ! ನುಸುಳಿ ಹೋಗುತ್ತದೆ.

ಕಣ್ಣು ಸಣ್ಣ ಮಾಡಿದರಾಯಿತು ಅಂತೀರಾ? ಅರ್ಧ ಮಾಡಿದರೆ ನಾಲ್ಕು ದಿಕ್ಕಿಗೂ (ಜಾಗದ ಮೂರು, ಕಾಲದ ಒಂದು) ಎರಡು ಪಟ್ಟು, ಒಟ್ಟು 16 ಪಟ್ಟು ಚುಕ್ಕಿ. ಕೆಲಸ ಅದಕ್ಕಿಂತಲೂ ಜಾಸ್ತಿ. ಬಲೆಯ ಅಗಲ ಕಡಿಮೆ ಮಾಡುವ ಹಾಗೂ ಇಲ್ಲ. ಪಯಾನ್ ಅನ್ನುವ ಹಗುರ ಕಣದ ಅಲೆ ಉದ್ದ, ಅದನ್ನು ಹಿಡಿಯಲು 6 ಫೆಮ್ಟೊಮೀಟರಿನಷ್ಟು ಅಗಲ ಬೇಕು.

ಇಲ್ಲಿ ಬಂದ ಉಪಾಯ ನನಗೆ ತುಂಬ ಇಷ್ಟ. ಬಾಟಮ್ ಮತ್ತು ಅದರ ಪ್ರತಿಕಣ ಸೇರಿದ ಉಪ್ಸಿಲಾನ್ 1977ರಲ್ಲಿ ಅಮೆರಿಕದ ಫರ್ಮಿಲ್ಯಾಬ್‌ನಲ್ಲಿ ಸಿಕ್ಕಿತು. ಅದರ ಭಾರ 9460 ಎಂಇವಿ (ಕಣಗಳ ಭಾರ ಅಳೆಯುವ ಮಾನ), ಅದರದೇ ಮೇಲಿನ ಶಕ್ತಿಮಟ್ಟದ್ದು 10023. ನಡುವಿನ ಅಂತರ ಬರೀ 563. ಅಂದರೆ ಭಾರವೆಲ್ಲ ಸುಮ್ನೆ ಕೂತಿದೆ, ಒಳಗಿನ ಓಡಾಟ ಸಣ್ಣದು. ವೇಗವೂ ಬೆಳಕಿನ ಮೂರನೇ ಒಂದು ಪಾಲಿನಷ್ಟೇ. ಹಾಗಾದರೆ ಕೂತ ಭಾರವನ್ನು ಬದಿಗಿಟ್ಟು, ಓಡಾಟವನ್ನು ಮಾತ್ರ ಬಲೆಗೆ ಹಾಕಿದರೆ? ಅದೇ ಎನ್‌ಆರ್‌ಕ್ಯೂಸಿಡಿ, ಅಂದರೆ ಕ್ವಾರ್ಕ್‌ಗಳ ಸಿದ್ಧಾಂತವಾದ ಕ್ಯೂಸಿಡಿಯನ್ನು ನಿಧಾನ ಓಡುವ ಕಣಗಳಿಗೆ ಹೊಂದಿಸಿದ ರೂಪ. ಓಡಾಟಕ್ಕೆ ನಮ್ಮ 0.1ರ ಕಣ್ಣು ಸಾಕು.

ಚಾರ್ಮ್ ಅನ್ನುವ ಇನ್ನೊಂದು ಬಗೆಯ ಕ್ವಾರ್ಕಿಗೆ ಇದು ಅಷ್ಟು ಒಗ್ಗುವುದಿಲ್ಲ. ಅದು ಹಗುರ, ಓಡಾಟ ಜೋರು. ಅಲ್ಲಿ ಜಾಲದಿಂದ ಬರುವ ತಪ್ಪನ್ನೇ ಕಳೆಯುವ ಹಾಗೆ ಸೂತ್ರ ತಿದ್ದುತ್ತಾರೆ. ಈಚೆಗೆ 0.03 ಫೆಮ್ಟೊಮೀಟರ್ ಕಣ್ಣಿನ ಬಲೆಗಳೂ ಬಂದಿವೆ. ಅವುಗಳಲ್ಲಿ ಬಾಟಮ್ ಕೂಡ ನೇರವಾಗಿ ಸಿಗತೊಡಗಿದೆ.

ಇಷ್ಟಾದ ಮೇಲೆ ಒಬ್ಬಳು ಕೇಳಿದಳು: "ಟಾಪ್ ಕ್ವಾರ್ಕ್ ಇನ್ನೂ ಭಾರ ಅಲ್ವಾ?" ಹೌದು, ಬಾಟಮ್‌ಗಿಂತ ಸುಮಾರು 40 ಪಟ್ಟು. ಆದರೆ ಅದಕ್ಕೆ ಈ ಬಲೆ ಬೀಸಬೇಕಿಲ್ಲ. ಬೇರೆ ಕ್ವಾರ್ಕ್ ಜೊತೆ ಸೇರಿ ಕಣ ಆಗುವ ಮೊದಲೇ ಅದು ಒಡೆದು ಹೋಗಿರುತ್ತದೆ.