ಗ್ಯಾಂಗ್ ಆಫ್ ಫೋರ್‌ನ ಒಂದು ಇಡೀ ಆಲ್ಬಮ್ ಗಿಟಾರ್‌ನಲ್ಲಿ ಕಲಿಯೋದು: ಇಲ್ಲಿವರೆಗಿನ ಲಾಗ್

ಪ್ರಾಜೆಕ್ಟ್ ಏನು ಅಂತ ಮೊದಲೇ ಹೇಳಿಬಿಡುತ್ತೇನೆ. ಗ್ಯಾಂಗ್ ಆಫ್ ಫೋರ್ ಇಂಗ್ಲೆಂಡಿನ ಲೀಡ್ಸ್ ಊರಿನ ರಾಕ್ ಬ್ಯಾಂಡ್. 1979ರಲ್ಲಿ ಅವರ ಮೊದಲ ಆಲ್ಬಮ್ ಬಂತು, ಹೆಸರು 'ಎಂಟರ್‌ಟೇನ್‌ಮೆಂಟ್!', ಆ ಆಶ್ಚರ್ಯಚಿಹ್ನೆ ಹೆಸರಿನ ಭಾಗವೇ. ಅದರಲ್ಲಿ 12 ಹಾಡು. ಹನ್ನೆರಡರಲ್ಲೂ ಆಂಡಿ ಗಿಲ್ ಬಾರಿಸಿದ ಗಿಟಾರನ್ನು ನಾನು ಬರೀ ಕಿವಿಯಲ್ಲಿ ಕೇಳಿ ಕಲಿಯಬೇಕು. ಟ್ಯಾಬ್ (ಯಾವ ತಂತಿಯಲ್ಲಿ ಎಲ್ಲಿ ಒತ್ತಬೇಕು ಅಂತ ಬರೆದಿಟ್ಟ ಪಟ್ಟಿ) ನೋಡುವ ಹಾಗಿಲ್ಲ, ಯಾರೋ ಕಲಿಸಿಕೊಡುವ ವಿಡಿಯೋನೂ ನೋಡುವ ಹಾಗಿಲ್ಲ. ಗೆಳೆಯನೊಬ್ಬ ಡ್ರಮ್ಸ್ ಬಾರಿಸುತ್ತಾನೆ. ಕೊನೆಗೆ ಇಬ್ಬರೂ ಸೇರಿ ಪೂರ್ತಿ ಆಲ್ಬಮ್ ಒಂದೇ ಕೂತಲ್ಲಿ ನುಡಿಸಿ ರೆಕಾರ್ಡ್ ಮಾಡಬೇಕು ಅನ್ನೋದು ಗುರಿ. ಈಗ ಹೆಚ್ಚುಕಡಿಮೆ ಅರ್ಧ ದಾರಿಯಲ್ಲಿದ್ದೇವೆ.

ಈ ಹುಚ್ಚು ಹತ್ತಿದ್ದು ಹೇಗೆ

ಪಿಯುಸಿ ಓದುವಾಗ. ಶಿವಮೊಗ್ಗ. ದೊಡ್ಡಮ್ಮನ ಮಗ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ, ರಜೆಗೆ ಬಂದಾಗಲೆಲ್ಲ ಎಂಪಿತ್ರೀ ತುಂಬಿಸಿದ ಸಿಡಿ ತರುತ್ತಿದ್ದ. ಅದರಲ್ಲಿ ಅಮೆರಿಕದ ರಾಕ್ ಬ್ಯಾಂಡ್ ರೆಡ್ ಹಾಟ್ ಚಿಲಿ ಪೆಪರ್ಸ್ ಇತ್ತು. ನನಗೆ ಅವರ ಬೇಸ್ ಗಿಟಾರ್ ಅಂದರೆ ಪ್ರಾಣ, ಅವರ ಬಗ್ಗೆ ಸಿಕ್ಕಿದ್ದೆಲ್ಲ ಓದುತ್ತಿದ್ದೆ, ಸೈಬರ್ ಕೆಫೆಯಲ್ಲಿ ಗಂಟೆಗೆ ಇಷ್ಟು ಅಂತ ದುಡ್ಡು ಕೊಟ್ಟು. ಹಾಗೆ ಓದುವಾಗ ಸಿಕ್ಕಿದ ಹೆಸರು ಆಂಡಿ ಗಿಲ್. ಚಿಲಿ ಪೆಪರ್ಸ್ ತಮ್ಮ ಮೊದಲ ಆಲ್ಬಮ್‌ಗೆ, ಅದು 1984ರದ್ದು, ತಾವು ಆರಾಧಿಸುತ್ತಿದ್ದ ಬ್ಯಾಂಡಿನ ಗಿಟಾರಿಸ್ಟನ್ನೇ ಪ್ರೊಡ್ಯೂಸರ್ ಆಗಿ ಕರೆಸಿಕೊಂಡಿದ್ದರು. ಆಮೇಲೆ ಇಬ್ಬರಿಗೂ ಆಗಿಬರಲಿಲ್ಲ. ಇವರಿಗೆ ಸ್ಟೇಜ್ ಮೇಲಿನ ಒರಟು ಸದ್ದು ಬೇಕು, ಅವನಿಗೆ ಚೊಕ್ಕವಾಗಿ ಇರಬೇಕು. ಗಿಲ್‌ನ ನೋಟ್‌ಬುಕ್ಕಿನಲ್ಲಿ ತಮ್ಮ ಹಾಡೊಂದರ ಹೆಸರಿನ ಪಕ್ಕ ಒಂದು ಕೆಟ್ಟ ಬೈಗುಳ ಬರೆದಿದ್ದನ್ನು ಹಾಡುಗಾರ ಆಂಟನಿ ಕೀಡಿಸ್ ನೋಡಿಬಿಟ್ಟಿದ್ದನಂತೆ, ಅವನೇ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ.

ತನ್ನನ್ನು ಆರಾಧಿಸುವ ಜನರ ಹಾಡನ್ನೇ ಹೊಲಸು ಅನ್ನುವವನು ಬಾರಿಸೋದು ಹೇಗಿರಬಹುದು ಅಂತ ಯಾವ ಹುಡುಗನಿಗಾದರೂ ಕುತೂಹಲ ಆಗುತ್ತದೆ, ಅಲ್ವಾ? ಡೌನ್‌ಲೋಡ್ ಆಗುವವರೆಗೆ ಕಾದು ಗ್ಯಾಂಗ್ ಆಫ್ ಫೋರ್‌ನ 'ಡ್ಯಾಮೇಜ್ಡ್ ಗೂಡ್ಸ್' ಹಾಡು ಕೇಳಿದೆ.

ಅಲ್ಲಿವರೆಗೆ ಗಿಟಾರ್ ಅಂದರೆ ಸೋಲೋ ಅಂತಲೇ ನನ್ನ ಲೆಕ್ಕ. ಎಲ್ಲರದ್ದೂ ಅದೇ ಲೆಕ್ಕ. 2007ರ ಮಾರ್ಚ್‌ನಲ್ಲಿ ಐರನ್ ಮೇಡನ್ ಅನ್ನೋ ಮೆಟಲ್ ಬ್ಯಾಂಡ್ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಿತ್ತು. ಅಣ್ಣ ಹೋಗಿ ಬಂದು ತಿಂಗಳುಗಟ್ಟಲೆ ಅದನ್ನೇ ಹೇಳುತ್ತಿದ್ದ, ಮೂರು ಗಿಟಾರ್ ಗುರು, ಮೂರೂ ಜನ ಸೋಲೋ ಹೊಡೀತಾರೆ ಅಂತ. ಈ ಕಡೆ ನನ್ನ ಕಿವಿಯಲ್ಲಿ ಒಂದೇ ಗಿಟಾರಿನ ಬ್ಯಾಂಡು, ಆ ಒಂದೂ ಅರ್ಧ ಹೊತ್ತು ಸುಮ್ಮನಿರುತ್ತದೆ. ಬೇಸ್ ಹಾಡು ಹೇಳುತ್ತದೆ, ಡ್ರಮ್ಸ್ ಕುಣಿಸುತ್ತದೆ, ಗಿಟಾರ್ ಬಂದು ಚಕ್ ಚಕ್ ಅಂತ ಎರಡು ಏಟು ಕೊಟ್ಟು ಹೋಗಿಬಿಡುತ್ತದೆ. ಸದ್ದು ಎಂಥದ್ದು ಅಂದರೆ ಹಪ್ಪಳ ಮುರಿದ ಹಾಗೆ, ಅಷ್ಟು ಒಣ. ಅಣ್ಣನಿಗೆ ಕೇಳಿಸಿದೆ. "ಇದರಲ್ಲಿ ಗಿಟಾರ್ ಎಲ್ಲೋ?" ಅಂದ. ಅವತ್ತಿನಿಂದ ಇದು ನನ್ನ ಸ್ವಂತ ಬ್ಯಾಂಡ್ ಆಯಿತು, ಊರಲ್ಲಿ ಇನ್ನೊಬ್ಬರು ಕೇಳುವವರಿಲ್ಲ ಅನ್ನೋ ಜಂಬ ಬೇರೆ.

ಸಾಹಿತ್ಯ ಆ ವಯಸ್ಸಿಗೆ ಪೂರ್ತಿ ದಕ್ಕಲಿಲ್ಲ. ಪ್ರೀತಿಯನ್ನು ವಾಪಸ್ ಕೊಡಬೇಕಾದ ಹಾಳಾದ ಮಾಲಿನ ಹಾಗೆ ಮಾತಾಡುತ್ತಾರೆ, ಮದುವೆಯನ್ನು ಕರಾರುಪತ್ರದ ಹಾಗೆ, ರಜಾ ದಿನದ ಮೋಜನ್ನೂ ಒಂದು ಕೆಲಸದ ಹಾಗೆ. ಹಿನ್ನೆಲೆ ಆಮೇಲೆ ಓದಿ ತಿಳಿದುಕೊಂಡಿದ್ದು. ಗಿಲ್ ಮತ್ತು ಹಾಡುಗಾರ ಜಾನ್ ಕಿಂಗ್ ಶಾಲೆಯಿಂದಲೇ ಜೊತೆ, ಇಬ್ಬರೂ ಲೀಡ್ಸ್ ಯೂನಿವರ್ಸಿಟಿಯಲ್ಲಿ ಚಿತ್ರಕಲೆ ಓದಿದವರು. 1976ರಲ್ಲಿ ಪ್ರವಾಸದ ಅನುದಾನ ಹಿಡಿದುಕೊಂಡು ನ್ಯೂಯಾರ್ಕಿಗೆ ಹೋಗಿ ಸಿಬಿಜಿಬಿ ಕ್ಲಬ್ಬಿನಲ್ಲಿ ಬ್ಯಾಂಡ್‌ಗಳನ್ನು ನೋಡಿ ಬಂದು ತಾವೇ ಬ್ಯಾಂಡ್ ಕಟ್ಟಿದರು. (ಓದಲಿಕ್ಕೆ ಕೊಟ್ಟ ದುಡ್ಡಿನ ಇಷ್ಟು ಒಳ್ಳೆಯ ಉಪಯೋಗ ನಾನು ಬೇರೆಲ್ಲೂ ಕೇಳಿಲ್ಲ.) ಆಗಿನ ಲೀಡ್ಸ್ ಸುಖವಾಗಿರಲಿಲ್ಲ. ನ್ಯಾಷನಲ್ ಫ್ರಂಟ್ ಅನ್ನೋ ಜನಾಂಗದ್ವೇಷಿ ಪಕ್ಷದವರು ಬೀದಿಯಲ್ಲಿ ಬಲವಾಗಿದ್ದರು, ಇವರೂ ಮೀಕಾನ್ಸ್, ಡೆಲ್ಟಾ 5 ಥರದ ಗೆಳೆಯರ ಬ್ಯಾಂಡ್‌ಗಳೂ ಅದರ ವಿರುದ್ಧದ ಕಛೇರಿಗಳಲ್ಲಿ ಬಾರಿಸುತ್ತಿದ್ದವು. ಆ ಸಿಟ್ಟೆಲ್ಲ ಗಿಟಾರಿನಲ್ಲಿ ಕೇಳುತ್ತದೆ. ಆದರೆ ಕಿರುಚಿ ತೋರಿಸುವ ಸಿಟ್ಟಲ್ಲ, ಹಲ್ಲು ಕಚ್ಚಿ ಹಿಡಿದ ಸಿಟ್ಟು.

ಇಷ್ಟು ಸಾಕು, ಲಾಗ್‌ಗೆ ಬರೋಣ.

ಜೂನ್: ಸಾಮಾನು

ಗಿಟಾರ್ ಸ್ಟ್ರಾಟ್ ಆಕಾರದ ಅಗ್ಗದ್ದು, ಕಾಲೇಜಿನಿಂದಲೂ ಇರೋದು. ಆಂಪ್, ಅಂದರೆ ಗಿಟಾರಿನ ಸದ್ದು ಜೋರು ಮಾಡುವ ಸ್ಪೀಕರ್ ಪೆಟ್ಟಿಗೆ, ಹತ್ತು ವಾಟ್‌ನ ಪುಟ್ಟ ಟ್ರಾನ್ಸಿಸ್ಟರ್ ಪ್ರಾಕ್ಟೀಸ್ ಆಂಪ್. ಗಿಟಾರ್ ಬಾರಿಸುವವರಲ್ಲಿ ಒಂದು ಜಾತಿ ಇದೆ, ಹಳೇ ಕಾಲದ ಗಾಜಿನ ವಾಲ್ವ್ ಇರುವ ಆಂಪ್ ಇಲ್ಲದಿದ್ದರೆ ಮಾತೇ ಆಡಿಸುವುದಿಲ್ಲ. ಗಿಲ್‌ಗೆ ಆ ಬೆಚ್ಚಗಿನ, ದುಂಡನೆಯ ಸದ್ದೇ ಬೇಡವಾಗಿತ್ತು. ಬೇಕಂತಲೇ ಟ್ರಾನ್ಸಿಸ್ಟರ್ ಆಂಪ್ ಇಟ್ಟುಕೊಂಡಿದ್ದ. ಹಾಗಾಗಿ ಬಡವನ ಆಂಪೇ ಸರಿಯಾದ ಆಂಪ್ ಆಗಿರುವ ಅಪರೂಪದ ಪ್ರಾಜೆಕ್ಟ್ ಇದು.

ಸೆಟ್ಟಿಂಗ್: ರಿವರ್ಬ್ (ಸದ್ದಿಗೆ ಸೇರಿಸುವ ಮಾರ್ದನಿ) ಸೊನ್ನೆ. ಗೇನ್ (ಸದ್ದನ್ನು ಒರಟು ಮಾಡುವ ಗುಂಡಿ) ತುಂಬಾ ಕಡಿಮೆ, ಜೋರಾಗಿ ಹೊಡೆದರೆ ಮಾತ್ರ ಸ್ವಲ್ಪ ಕರಕರ ಅನ್ನಬೇಕು. ಟ್ರೆಬಲ್ ಜಾಸ್ತಿ, ಬೇಸ್ ಅರ್ಧಕ್ಕಿಂತ ಕೆಳಗೆ, ಪಿಕಪ್ (ತಂತಿಯ ಸದ್ದು ಹಿಡಿಯುವ ಅಯಸ್ಕಾಂತ) ಬ್ರಿಡ್ಜ್ ಕಡೆಯದ್ದು, ಅಂದರೆ ತಂತಿ ಕೂರುವ ಪಟ್ಟಿಯ ಕಡೆಯದ್ದು. ಪಿಕ್ ದಪ್ಪದ್ದೇ ಬೇಕು, ತೆಳ್ಳಗಿನದರಲ್ಲಿ ಏಟು ಮೆತ್ತಗಾಗುತ್ತದೆ. ಹೀಗೆ ಇಟ್ಟುಕೊಂಡರೆ ಅಡಗಿಕೊಳ್ಳಲು ಜಾಗವೇ ಇರುವುದಿಲ್ಲ. ರಿವರ್ಬ್ ಇದ್ದಾಗ ಎಷ್ಟು ವಿಷಯ ಮುಚ್ಚಿಹೋಗುತ್ತದೆ ಅನ್ನೋದು ಅದನ್ನು ತೆಗೆದ ಮೇಲೇ ಗೊತ್ತಾಗೋದು.

ಜೂನ್ ಕೊನೆ: ಬಲಗೈ

ಮೊದಲು ಹಿಡಿದದ್ದು 'ನ್ಯಾಚುರಲ್ಸ್ ನಾಟ್ ಇನ್ ಇಟ್'. ಸೋಫಿಯಾ ಕೊಪ್ಪೊಲಾಳ 2006ರ 'ಮರೀ ಆಂಟ್ವನೆಟ್' ಸಿನಿಮಾ ಶುರುವಾಗೋದೇ ಈ ಹಾಡಿನಿಂದ, ಹಾಗಾಗಿ ಬ್ಯಾಂಡಿನ ಹೆಸರು ಕೇಳದವರೂ ಇದರ ರಿಫ್, ಅಂದರೆ ಮತ್ತೆ ಮತ್ತೆ ಬರುವ ಗಿಟಾರ್ ತುಣುಕು, ಕೇಳಿರಬಹುದು. ಹಾಡು ಪೂರ್ತಿ ಹೆಚ್ಚುಕಡಿಮೆ ಅದೊಂದೇ ರಿಫ್ ಓಡುತ್ತದೆ. ಎಡಗೈಗೆ ಏನೂ ಕಷ್ಟವಿಲ್ಲ. ಕಷ್ಟ ಬಲಗೈಗೆ. ಕೈ ನಿಲ್ಲದೆ ಮೇಲೆ ಕೆಳಗೆ ಓಡುತ್ತಲೇ ಇರಬೇಕು, ಎಡಗೈ ಬೆರಳನ್ನು ತಂತಿ ಮೇಲೆ ಸುಮ್ನೆ ತಾಗಿಸಿಟ್ಟು ಸದ್ದು ಸಾಯಿಸಬೇಕು, ಬೇಕಾದ ಏಟಿಗೆ ಮಾತ್ರ ಒತ್ತಿ ಮತ್ತೆ ಬಿಡಬೇಕು. ಗಿಲ್‌ಗೆ ಈ ಥರದ ಕತ್ತರಿಸುವ ಏಟು ಹಿಡಿಸಿದ್ದು ಡಾಕ್ಟರ್ ಫೀಲ್‌ಗುಡ್ ಬ್ಯಾಂಡಿನ ವಿಲ್ಕೊ ಜಾನ್ಸನ್‌ನಿಂದ. ವಿಲ್ಕೊ ಪಿಕ್ ಇಲ್ಲದೆ ಬರೀ ಬೆರಳಲ್ಲೇ ಬಾರಿಸುತ್ತಿದ್ದ. ಅದನ್ನೂ ಮಾಡಿ ನೋಡಿದೆ, ಉಗುರು ಕಿತ್ತುಬರುತ್ತದೆ, ಬೇಡ.

ಅರ್ಧ ವೇಗಕ್ಕೆ ಮೆಟ್ರೊನೋಮ್ (ಟಕ್ ಟಕ್ ಅಂತ ಲಯ ಹಿಡಿಯುವ ಯಂತ್ರ) ಇಟ್ಟು, ದಿನಾ ಸ್ವಲ್ಪ ಸ್ವಲ್ಪ ಏರಿಸಿಕೊಂಡು ಹೋದೆ. ಮುಂಗೈ ಬಿಗಿಯಾದರೆ ಅಲ್ಲಿಗೆ ನಿಲ್ಲಿಸಿಬಿಡುತ್ತೇನೆ. ಈಗ ಪೂರ್ತಿ ವೇಗದಲ್ಲಿ ಕೊನೆವರೆಗೂ ಹೋಗಬಲ್ಲೆ.

ಜುಲೈ: ತಾಳ

ಡ್ರಮ್ಸ್ ಗೆಳೆಯ ಮೂಲದಲ್ಲಿ ಮೃದಂಗದವನು, ಅಜ್ಜನ ಕಾಟಕ್ಕೆ ಕಲಿತದ್ದು. ಇವನನ್ನು ಈ ಪ್ರಾಜೆಕ್ಟಿಗೆ ಎಳೆದದ್ದು ಒಂದು ಸಣ್ಣ ಉಪಾಯದಿಂದ. ಅವನು ಮೆಟಲ್ ಬಿಟ್ಟರೆ ಏನೂ ಕೇಳುವವನಲ್ಲ. ಗಿಲ್ ತೀರಿಹೋದ ಮೇಲೆ 2021ರಲ್ಲಿ ಬಂದ ಗೌರವ ಆಲ್ಬಮ್‌ನಲ್ಲಿ ಗಿಟಾರಿಸ್ಟ್ ಟಾಮ್ ಮೊರೆಲ್ಲೊ ಮತ್ತು ಸಿಸ್ಟಮ್ ಆಫ್ ಎ ಡೌನ್ ಅನ್ನೋ ಮೆಟಲ್ ಬ್ಯಾಂಡಿನ ಸರ್ಜ್ ಟಾಂಕಿಯನ್ ಸೇರಿ 'ನ್ಯಾಚುರಲ್ಸ್ ನಾಟ್ ಇನ್ ಇಟ್' ಹಾಡಿದ್ದಾರೆ. ಅದನ್ನು ಮೊದಲು ಕೇಳಿಸಿದೆ. "ಮಗಾ, ಒರಿಜಿನಲ್ ಹಾಕು" ಅಂದ. ಬಿದ್ದ.

ಗ್ಯಾಂಗ್ ಆಫ್ ಫೋರ್‌ನ ಹ್ಯೂಗೊ ಬರ್ನಮ್ ಬಾರಿಸುವ ಡ್ರಮ್ಸ್ ಇವನಿಗೆ ಸಿಕ್ಕಾಪಟ್ಟೆ ಇಷ್ಟವಾಗಿದೆ. ಸಿಂಬಲ್ ಮೇಲೆ ಸುಮ್ಮನೆ ಚೆಲ್ಲಾಡುವುದಿಲ್ಲ, ಎಲ್ಲಿ ಬೇಕೋ ಅಲ್ಲಿ ಮಾತ್ರ ಹೊಡೆಯುತ್ತಾನೆ. ನನಗೆ ಗಿಟಾರ್ ಎಲ್ಲಿ ಬಂದು ಸೇರುತ್ತದೆ ಅನ್ನೋದೇ ಸಿಗುತ್ತಿರಲಿಲ್ಲ, ಪ್ರತಿ ಸಲ ಒಂದೋ ಮೊದಲೇ ಬರುತ್ತೇನೆ, ಇಲ್ಲವೇ ತಡ. ಅವನು ಕೋಲು ಕೆಳಗಿಟ್ಟು ತೊಡೆ ಮೇಲೆ ಆದಿತಾಳ ಹಾಕಿ ತೋರಿಸಿದ. ಒಂದು ಏಟು, ಮೂರು ಬೆರಳು, ಏಟು ಬೀಸು, ಏಟು ಬೀಸು, ಒಟ್ಟು ಎಂಟು. ಹಾಡಿನ ಎರಡು ಬಾರ್ (ಒಂದೊಂದರಲ್ಲಿ ನಾಲ್ಕು ಏಟು) ಅದರಲ್ಲಿ ಸರಿಯಾಗಿ ಕೂರುತ್ತದೆ. "ನಿನ್ನ ಗಿಟಾರ್ ಏಟಿನ ಮೇಲೆ ಬರಲ್ಲ ಕಣೋ, ಅರ್ಧ ಎಡುಪು ಇದು, ಏಟು ಬಿದ್ದ ಮೇಲೆ ಅರ್ಧ ಬಿಟ್ಟು ಎತ್ಕೋಬೇಕು" ಅಂದ. ಮೆಟ್ರೊನೋಮ್ ಮಾಡದ ಕೆಲಸ ಆ ಮಾತು ಮಾಡಿತು. ಈಗ ಹೊಸ ಹಾಡು ಹಿಡಿದಾಗ ಗಿಟಾರ್ ಮುಟ್ಟುವುದಕ್ಕೆ ಮೊದಲು ಕೈಯಲ್ಲಿ ತಾಳ ಹಾಕುತ್ತೇನೆ. ಬಸ್ಸಿನಲ್ಲೂ ಹಾಕುತ್ತೇನೆ, ಪಕ್ಕದವರು ಯಾವುದೋ ಕೀರ್ತನೆ ಅಂದುಕೊಳ್ಳುತ್ತಾರೆ.

ಆಗಸ್ಟ್: ನಿಲ್ಲಿಸೋದು

ಇಡೀ ಆಲ್ಬಮ್‌ನಲ್ಲಿ ಕಷ್ಟದ ಭಾಗ ಯಾವುದು ಅಂತ ಕೇಳಿದರೆ, ಗಿಟಾರ್ ಇಲ್ಲದ ಭಾಗ. ಬೇರೆ ಬ್ಯಾಂಡ್ ಆಗಿದ್ದರೆ ಸೋಲೋ ಬರುವ ಜಾಗದಲ್ಲಿ ಇವರು ಗಿಟಾರನ್ನೇ ತೆಗೆದುಬಿಡುತ್ತಾರೆ. ಅದಕ್ಕೆ ಗಿಲ್ ಇಟ್ಟ ಹೆಸರು ಆಂಟಿ-ಸೋಲೋ. ಬೇಸ್ ಮತ್ತು ಡ್ರಮ್ಸ್ ಓಡುತ್ತಿರುತ್ತವೆ, ನೀವು ಸುಮ್ಮನೆ ನಿಂತಿರಬೇಕು. ಕೇಳಲು ಸುಲಭ. ಮಾಡಲು ಕೈ ಕೇಳುವುದಿಲ್ಲ. ವರ್ಷಗಟ್ಟಲೆ ಖಾಲಿ ಜಾಗ ಕಂಡಲ್ಲೆಲ್ಲ ಏನಾದರೂ ತುಂಬಿಸಿ ಅಭ್ಯಾಸವಾದ ಕೈ ಇದು, ಒಂದು ಸಣ್ಣ ಸ್ವರವನ್ನಾದರೂ ಜಾರಿಸಿಬಿಡುತ್ತದೆ. ಮತ್ತೆ ತಂತಿಯ ಗುಂಯ್ ಅನ್ನೋ ಬಾಲವನ್ನೂ ಎರಡೂ ಕೈಯಿಂದ ಒತ್ತಿ ಕೊಲ್ಲಬೇಕು. ಬಲ ಅಂಗೈ ಬ್ರಿಡ್ಜ್ ಮೇಲೆ, ಎಡಗೈಯ ನಾಲ್ಕೂ ಬೆರಳು ಅಡ್ಡಡ್ಡ. ಒಂದೇ ಬೆರಳಿಟ್ಟರೆ ಅಲ್ಲೊಂದು ಹಾರ್ಮೋನಿಕ್ ಕುಯ್ ಅನ್ನುತ್ತದೆ.

ಅಡುಗೆಮನೆಯಿಂದ ಅಮ್ಮ "ಕರೆಂಟ್ ಹೋಯ್ತೇನೋ?" ಅಂತ ಕೇಳುವ ಮಟ್ಟಿಗೆ ಚೊಕ್ಕವಾಗಿ ನಿಲ್ಲಿಸಿದರೆ ಅವತ್ತಿನ ಪ್ರಾಕ್ಟೀಸ್ ಪಾಸ್.

ನನ್ನ ಪ್ರಕಾರ ಈ ಬ್ಯಾಂಡಿನ ರಾಜಕೀಯ ಇರೋದೂ ಇಲ್ಲೇ. ಮಾರ್ಕ್ಸ್ ಓದಿಕೊಂಡು ಹಾಡು ಬರೆದವರು ಬೇಕಾದಷ್ಟು ಜನ ಇದ್ದಾರೆ. ಎಲ್ಲ ವಾದ್ಯಕ್ಕೂ ಸಮಪಾಲು ಕೊಟ್ಟು, ಗಿಟಾರಿಸ್ಟ್ ತಾನೇ ಯಜಮಾನ ಅನ್ನೋದನ್ನು ಬಿಟ್ಟುಕೊಟ್ಟವರು ಕಡಿಮೆ. ಅದೇ ಹಟ ಹೊರಗೂ ಇತ್ತು. 1979ರಲ್ಲಿ 'ಅಟ್ ಹೋಮ್ ಹೀಸ್ ಎ ಟೂರಿಸ್ಟ್' ಬ್ರಿಟನ್ನಿನ ಹಿಟ್ ಹಾಡುಗಳ ಪಟ್ಟಿಯಲ್ಲಿ 58ರವರೆಗೆ ಏರಿ, ಬಿಬಿಸಿಯ ಟಿವಿ ಕಾರ್ಯಕ್ರಮ 'ಟಾಪ್ ಆಫ್ ದಿ ಪಾಪ್ಸ್' ಇವರನ್ನು ಕರೆಯಿತು. ಕಾಂಡೋಮ್ ಅನ್ನುವ ಅರ್ಥದ ಪದವೊಂದನ್ನು ಬದಲಾಯಿಸಿ ಅಂದರು, ಹೇಗೆ ಬದಲಾಯಿಸಬೇಕು ಅನ್ನುವುದರಲ್ಲಿ ಜಗಳವಾಗಿ ಇವರು ಎದ್ದು ಬಂದರು. ಆ ಕಾರ್ಯಕ್ರಮದಲ್ಲಿ ಕಾಣಿಸಿಕೊಂಡಿದ್ದರೆ ಹಾಡು ಇನ್ನೂ ಎಷ್ಟು ಏರುತ್ತಿತ್ತೋ. ನನಗಂತೂ ಎದ್ದು ಬಂದದ್ದೇ ಇಷ್ಟ.

ಸೆಪ್ಟೆಂಬರ್: 'ಆಂಥ್ರಾಕ್ಸ್' ಮತ್ತು ಫೀಡ್‌ಬ್ಯಾಕ್

ಆಲ್ಬಮ್ಮಿನ ಕೊನೇ ಹಾಡು. ಶುರುವಿನಲ್ಲಿ ಬರೀ ಗಿಟಾರ್ ಫೀಡ್‌ಬ್ಯಾಕ್ (ಸ್ಪೀಕರಿನ ಸದ್ದೇ ತಂತಿಯನ್ನು ಅಲುಗಿಸಿ ಎಬ್ಬಿಸುವ ಕೂಗು), ಅದೂ ಸುಮಾರು ಹೊತ್ತು, ಆಮೇಲೆ ಡ್ರಮ್ಸ್ ಬೇಸ್ ಬರುತ್ತವೆ. ಹಾಡು ಶುರುವಾದ ಮೇಲೆ ಒಂದು ಕಡೆ ಕಿಂಗ್ ಹಾಡುತ್ತಿರುತ್ತಾನೆ, ಇನ್ನೊಂದು ಕಡೆ ಗಿಲ್ ಎಲ್ಲ ಬ್ಯಾಂಡ್‌ಗಳೂ ಪ್ರೀತಿಯ ಬಗ್ಗೆಯೇ ಯಾಕೆ ಹಾಡುತ್ತವೆ ಅಂತ ತಣ್ಣಗೆ ಮಾತಾಡುತ್ತಿರುತ್ತಾನೆ. ಹೆಡ್‌ಫೋನಿನಲ್ಲಿ ಕೇಳಬೇಕು ಇದನ್ನು.

ನನ್ನ ಸಮಸ್ಯೆ ಬೇರೆ. ಅಪಾರ್ಟ್‌ಮೆಂಟಿನಲ್ಲಿ ಹತ್ತು ವಾಟ್ ಆಂಪಿನಿಂದ ಫೀಡ್‌ಬ್ಯಾಕ್ ತರೋದು ಹೇಗೆ? ಸ್ಪೀಕರಿನ ಸದ್ದು ತಂತಿಯನ್ನು ಅಲುಗಿಸುವಷ್ಟು ಜೋರಿದ್ದರೆ ಮಾತ್ರ ಅದು ಹುಟ್ಟುತ್ತದೆ, ಅಷ್ಟು ಜೋರಿಟ್ಟರೆ ಕೆಳಗಿನ ಮನೆಯವರು ಹತ್ತಿ ಬರುತ್ತಾರೆ. ಗೇನ್ ಮಾತ್ರ ಏರಿಸಿದಾಗ ಬಂದದ್ದು ಪಿಕಪ್‌ನ ಕೀಚಲು ಸದ್ದು, ಅದರಲ್ಲಿ ಸ್ವರವೇ ಇಲ್ಲ. ಕೊನೆಗೆ ಕೆಲಸ ಮಾಡಿದ್ದು ಹಳೇ ಉಪಾಯ: ಗಿಟಾರಿನ ತಲೆಯನ್ನು, ಬಿರಟೆ ಇರುವ ಭಾಗವನ್ನು, ಆಂಪಿನ ಮರದ ಪೆಟ್ಟಿಗೆಗೆ ಒತ್ತಿ ಹಿಡಿಯೋದು. ಅಲುಗಾಟ ಮರದ ಮೂಲಕವೇ ತಂತಿಗೆ ಹೋಗುತ್ತದೆ, ಕಡಿಮೆ ಸದ್ದಿನಲ್ಲೂ ಸ್ವರ ನಿಧಾನಕ್ಕೆ ಏಳುತ್ತದೆ. ಒತ್ತುವ ಜಾಗ ಬದಲಿಸಿದರೆ ಸ್ವರವೂ ಬದಲಾಗುತ್ತದೆ. ನಿಯಂತ್ರಣ ಇನ್ನೂ ಬಂದಿಲ್ಲ, ಒಮ್ಮೊಮ್ಮೆ ಬೇಕಾದ ಸ್ವರ, ಒಮ್ಮೊಮ್ಮೆ ಕುಕ್ಕರ್.

ಅಕ್ಟೋಬರ್: ಬೇಸ್ ಮತ್ತು ಪೀಪಿ

ಬೇಸ್ ಬಾರಿಸುವವರು ಸಿಗಲಿಲ್ಲ, ನಾನೇ ಮೊದಲು ರೆಕಾರ್ಡ್ ಮಾಡಿಟ್ಟುಕೊಂಡು ಅದರ ಮೇಲೆ ಗಿಟಾರ್ ಬಾರಿಸುತ್ತಿದ್ದೇನೆ. ಡೇವ್ ಆಲನ್ ಬೇಸ್ ಕಲಿಯುತ್ತಾ ಕೂತರೆ ಗಿಟಾರ್ ಯಾಕೆ ಅಷ್ಟು ಕಡಿಮೆ ಬಾರಿಸುತ್ತದೆ ಅನ್ನೋದು ತಾನಾಗೇ ಅರ್ಥವಾಗುತ್ತದೆ. ರಾಗವೆಲ್ಲ ಕೆಳಗೇ ಇದೆ. ಆಲನ್ 2025ರ ಏಪ್ರಿಲ್‌ನಲ್ಲಿ ಹೋದ. ಗಿಲ್ 2020ರ ಫೆಬ್ರವರಿ 1ರಂದು, 64 ವರ್ಷಕ್ಕೆ. ಕಿಂಗ್ ಮತ್ತು ಬರ್ನಮ್ 2025ರಲ್ಲಿ ಬೇರೆ ಇಬ್ಬರನ್ನು ಸೇರಿಸಿಕೊಂಡು ವಿದಾಯದ ಪ್ರವಾಸ ಮಾಡಿದರು, ಮೊಬೈಲಿನಲ್ಲಿ ತೆಗೆದ ತುಣುಕುಗಳನ್ನು ನೋಡಿಯೇ ತೃಪ್ತಿಪಟ್ಟುಕೊಂಡೆ.

'5.45' ಹಾಡಿನಲ್ಲಿ ಮೆಲೋಡಿಕಾ ಇದೆ, ಊದುತ್ತಾ ಹಾರ್ಮೋನಿಯಂ ಥರದ ಮನೆಗಳನ್ನು ಒತ್ತುವ ವಾದ್ಯ. ಕಿಂಗ್ ಊದಿದ್ದು. ಜಮೈಕಾದ ಡಬ್ ಸಂಗೀತದಲ್ಲಿ ಆಗಸ್ಟಸ್ ಪಾಬ್ಲೊ ಇದನ್ನು ಹೆಸರುವಾಸಿ ಮಾಡಿದ್ದ, ಅಲ್ಲಿಂದ ಇವರಿಗೆ ಬಂದ ರುಚಿ. ಒಂದು ಅಗ್ಗದ್ದು ತರಿಸಿದ್ದೇನೆ. ಅಕ್ಕನ ಮಗಳು ಅದನ್ನು ಪೀಪಿ ಅಂತ ಕರೆದು ಎತ್ತಿಕೊಂಡು ಹೋಗಿದ್ದಾಳೆ, ವಾಪಸ್ ಸಿಗುವವರೆಗೆ ಆ ಹಾಡು ಬಾಕಿ.

ಮುಂದಿನದು

'ಈಥರ್'. ಆಲ್ಬಮ್ ಶುರುವಾಗುವುದೇ ಇದರಿಂದ, ಉತ್ತರ ಐರ್ಲೆಂಡಿನ ಕೈದಿಗಳ ಮೇಲಿನ ಚಿತ್ರಹಿಂಸೆಯ ಬಗ್ಗೆ. ಅಮೆರಿಕದ ರ‍್ಯಾಪ್ ಜೋಡಿ ರನ್ ದಿ ಜುವೆಲ್ಸ್ 2020ರಲ್ಲಿ ಇದರ ತುಣುಕನ್ನೇ ತಮ್ಮ ಹಾಡಿಗೆ ಬಳಸಿಕೊಂಡರು. ಗಿಟಾರ್ ಮುಕ್ಕಾಲು ಕೂತಿದೆ. ತೊಂದರೆ ಹಾಡೋದರಲ್ಲಿ: ಎರಡು ದನಿ ಒಂದರ ಮೇಲೊಂದು ಬೀಳಬೇಕು, ಬಾರಿಸುತ್ತಲೇ ಹಾಡಬೇಕು, ಗೆಳೆಯ ನಾನು ಬಾಯಿ ತೆರೆಯಲ್ಲ ಅಂತ ಕೂತಿದ್ದಾನೆ. ಕೊನ್ನಕ್ಕೋಲು (ಮೃದಂಗದ ಸೊಲ್ಲನ್ನು ಬಾಯಲ್ಲಿ) ಹೇಳುವವನಿಗೆ ಇದೇನು ನಾಚಿಕೆ ಅಂತ ಕೇಳಿದ್ದೇನೆ. ಬರುವ ಭಾನುವಾರ ಮೈಕ್ ಅವನ ಮುಂದೆಯೂ ಒಂದು ಇಡುತ್ತೇನೆ, ನೋಡೋಣ.